ಸೇನಾ ಶೂಟರ್ ಆಟಗಳಲ್ಲಿ ಸ್ಫೋಟಕ: ಯಾರ ಕೈಗೆ, ಎಷ್ಟು, ಯಾವ ಬೆಲೆಗೆ?

ಬಂದೂಕಿಗೆ ಗುರಿ ಬೇಕು, ಸ್ಫೋಟಕಕ್ಕೆ ದಿಕ್ಕು ತಿಳಿದರೆ ಸಾಕು. ಸೇನಾ ಶೂಟರ್ ಎಂದು ಕರೆಯಲಾಗುವ ಕಂಪ್ಯೂಟರ್ ಆಟಗಳಲ್ಲಿ ಈ ಒಂದು ವ್ಯತ್ಯಾಸವೇ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ತಯಾರಕರಿಗೂ ಆಟಗಾರರಿಗೂ ನಡುವೆ ಜಗ್ಗಾಟಕ್ಕೆ ಕಾರಣವಾಗಿದೆ. ಗೋಡೆಯ ಮರೆಯಲ್ಲಿ ಅಡಗಿ ಕುಳಿತ ಎದುರಾಳಿಯನ್ನು ಹೊರಹಾಕಬಲ್ಲ ಆಯುಧ ಇಂತಹ ಆಟಕ್ಕೆ ಬೇಕೇ ಬೇಕು. ಅದಿಲ್ಲದಿದ್ದರೆ ಮೂಲೆ ಹಿಡಿದವನೇ ಗೆಲ್ಲುತ್ತಾನೆ. ಆದರೆ ಅದೇ ಆಯುಧ ಎಲ್ಲರಿಗೂ ಎಗ್ಗಿಲ್ಲದೆ ದೊರೆತರೆ ಗುರಿ ಹಿಡಿಯುವುದನ್ನು ಕಲಿತವನ ಶ್ರಮಕ್ಕೆ ಬೆಲೆಯೇ ಉಳಿಯುವುದಿಲ್ಲ.

ಸ್ಫೋಟದ ಬಲವನ್ನು ಕೊಂಚ ತಗ್ಗಿಸಿದರೆ ಸಮಸ್ಯೆ ಮುಗಿಯಿತು ಎಂಬ ಭಾವನೆ ಸಾಮಾನ್ಯವಾಗಿದೆ. ಕಾಲ್ ಆಫ್ ಡ್ಯೂಟಿ ಹಾಗೂ ಬ್ಯಾಟಲ್‌ಫೀಲ್ಡ್ ಎಂಬ ಎರಡು ಪ್ರಮುಖ ಸರಣಿಗಳ ಇತಿಹಾಸ ಹೇಳುವುದು ಬೇರೆಯೇ. ಸ್ಫೋಟಕ ಎಷ್ಟು ಬಲವಾಗಿದೆ ಎಂಬುದಕ್ಕಿಂತ ಅದನ್ನು ಹೊರುವವನು ಏನನ್ನು ಬಿಟ್ಟುಕೊಟ್ಟಿದ್ದಾನೆ, ಅದು ಮುಗಿದಾಗ ಮತ್ತೆ ತುಂಬಿಕೊಡುವವರು ಯಾರು ಎಂಬ ಪ್ರಶ್ನೆಗಳೇ ಆಟದ ನ್ಯಾಯವನ್ನು ನಿರ್ಧರಿಸಿವೆ.

ಕ್ಲಾಸ್ ಎಂದರೇನು?

ಆಟಗಾರನಿಗೆ ಕಣದಲ್ಲಿ ವಹಿಸಲಾಗುವ ಪಾತ್ರಕ್ಕೆ ಕ್ಲಾಸ್ ಎಂದು ಹೆಸರು. ಗಾಯಾಳುಗಳನ್ನು ಎಬ್ಬಿಸುವ ಮೆಡಿಕ್, ವಾಹನ ದುರಸ್ತಿ ಮಾಡುವ ಎಂಜಿನಿಯರ್, ಮದ್ದುಗುಂಡು ಹಂಚುವ ಸಪೋರ್ಟ್, ದೂರದಿಂದ ಗುಂಡು ಹಾರಿಸುವ ಸ್ನೈಪರ್ ಅಥವಾ ರೀಕಾನ್, ಮುನ್ನುಗ್ಗುವ ಅಸಾಲ್ಟ್ ಇವು ಸಾಮಾನ್ಯವಾಗಿ ಕಂಡುಬರುವ ಪಾತ್ರಗಳು. ಆ ಪಾತ್ರ ಹೊತ್ತು ಹೊರಡುವ ಬಂದೂಕು, ಗ್ರೆನೇಡ್ ಹಾಗೂ ಸಲಕರಣೆಗಳ ಒಟ್ಟು ಗಂಟಿಗೆ ಲೋಡ್‌ಔಟ್ ಎನ್ನುತ್ತಾರೆ.

ಎರಡು ಸರಣಿಗಳೂ ಈ ವಿಚಾರದಲ್ಲಿ ಭಿನ್ನ ಹಾದಿ ಹಿಡಿದಿವೆ. ಬ್ಯಾಟಲ್‌ಫೀಲ್ಡ್‌ನಲ್ಲಿ ಪಾತ್ರಗಳನ್ನು ತಯಾರಕರೇ ನಿಗದಿಪಡಿಸುತ್ತಾರೆ. ಕಾಲ್ ಆಫ್ ಡ್ಯೂಟಿಯಲ್ಲಿ 2007ರಿಂದೀಚೆಗೆ ಆಟಗಾರನೇ ತನ್ನ ಕ್ಲಾಸನ್ನು ಜೋಡಿಸಿಕೊಳ್ಳುತ್ತಾನೆ. ಮೊದಲನೆಯದರಲ್ಲಿ ಸ್ಫೋಟಕಕ್ಕೆ ಕಡಿವಾಣ ಹಾಕುವುದು ಪಾತ್ರ, ಎರಡನೆಯದರಲ್ಲಿ ಆಯ್ಕೆಯ ಬೆಲೆ.

ನಿಜದ ಗ್ರೆನೇಡ್, ಆಟದ ಗ್ರೆನೇಡ್

ಅಮೆರಿಕ ಸೇನೆ ಬಳಸುವ ಎಂ67 ಕೈಗ್ರೆನೇಡ್‌ನ ತೂಕ ಸುಮಾರು 400 ಗ್ರಾಂ. ಪಿನ್ ತೆಗೆದು ಎಸೆದ ನಾಲ್ಕರಿಂದ ಐದು ಸೆಕೆಂಡುಗಳಲ್ಲಿ ಅದು ಸಿಡಿಯುತ್ತದೆ. ಐದು ಮೀಟರ್ ಒಳಗಿದ್ದವರ ಪ್ರಾಣಕ್ಕೆ ಅಪಾಯ, ಹದಿನೈದು ಮೀಟರ್ ವರೆಗೂ ಗಂಭೀರ ಗಾಯದ ಸಂಭವ ಎಂಬುದು ಅದರ ಲೆಕ್ಕ. ರೈಫಲ್ ನಳಿಕೆಯ ಕೆಳಗೆ ಅಳವಡಿಸುವ ಎಂ203 ಲಾಂಚರ್ 40 ಮಿಲಿಮೀಟರ್ ವ್ಯಾಸದ ಗ್ರೆನೇಡನ್ನು ನೂರಾರು ಮೀಟರ್ ದೂರಕ್ಕೆ ಹಾರಿಸುತ್ತದೆ. ಹಾರಿಸಿದವನೇ ಗಾಯಗೊಳ್ಳದಿರಲೆಂದು ಆ ಗ್ರೆನೇಡ್ ಸುಮಾರು 14 ಮೀಟರ್ ಸಾಗಿದ ಮೇಲಷ್ಟೇ ಸಿಡಿಯಲು ಸಿದ್ಧಗೊಳ್ಳುತ್ತದೆ.

ಈ ಅಂಕಿಅಂಶಗಳನ್ನು ಯಥಾವತ್ತಾಗಿ ಆಟಕ್ಕಿಳಿಸುವಂತಿಲ್ಲ. ಆಟದ ಕಣ ಚಿಕ್ಕದು, ಓಡುವ ವೇಗ ಹೆಚ್ಚು, ಸತ್ತವನು ಕೆಲವೇ ಕ್ಷಣಗಳಲ್ಲಿ ಮರಳಿ ಬರುತ್ತಾನೆ. ಆದ್ದರಿಂದ ತಯಾರಕರು ಸ್ಫೋಟದ ಕೇಂದ್ರದಲ್ಲಿ ಪೂರ್ಣ ಹಾನಿ, ಅಂಚಿನತ್ತ ಸಾಗಿದಂತೆ ಇಳಿಯುವ ಹಾನಿ ಎಂಬ ಸೂತ್ರವನ್ನು ಅನುಸರಿಸುತ್ತಾರೆ. ನಡುವೆ ಗೋಡೆಯಿದ್ದರೆ ಹಾನಿ ತಗ್ಗುತ್ತದೆ ಇಲ್ಲವೇ ತಗಲುವುದೇ ಇಲ್ಲ. ಲಾಂಚರ್‌ನ ಸುರಕ್ಷತಾ ಅಂತರವನ್ನು ಮಾತ್ರ ಹಲವು ಆಟಗಳು ಉಳಿಸಿಕೊಂಡಿವೆ. ಮುಖಾಮುಖಿಯಾದಾಗ ಲಾಂಚರನ್ನೇ ಪಿಸ್ತೂಲಿನಂತೆ ಬಳಸುವುದನ್ನು ತಡೆಯುವುದು ಇದರ ಉದ್ದೇಶ.

ಸತ್ತವನಿಗೆ ತಪ್ಪಿಸಿಕೊಳ್ಳುವ ಅವಕಾಶ ಇತ್ತೇ ಎಂಬುದು ಇನ್ನೊಂದು ಮಾನದಂಡ. 2005ರ ಕಾಲ್ ಆಫ್ ಡ್ಯೂಟಿ 2 ಆಟದಲ್ಲಿ, ಸಮೀಪ ಬಿದ್ದ ಗ್ರೆನೇಡ್ ಯಾವ ದಿಕ್ಕಿನಲ್ಲಿದೆ ಎಂದು ತೋರಿಸುವ ಸೂಚನಾ ಚಿಹ್ನೆಯನ್ನು ಪರದೆಯ ಮೇಲೆ ನೀಡಲಾಯಿತು. 2007ರ ಆವೃತ್ತಿಯಲ್ಲಿ ಬಿದ್ದ ಗ್ರೆನೇಡನ್ನು ಹೆಕ್ಕಿ ಮರಳಿ ಎಸೆಯುವ ಅವಕಾಶವೂ ಇತ್ತು. ಹೀಗಾಗಿ ಕೈಗ್ರೆನೇಡ್‌ಗೆ ಬಲಿಯಾದವನು ತನ್ನ ನಿಧಾನವನ್ನೇ ಹಳಿದುಕೊಳ್ಳಬೇಕಾಗುತ್ತಿತ್ತು. ಲಾಂಚರ್‌ನಿಂದ ಹಾರಿ ಬರುವ ಗ್ರೆನೇಡ್ ತಗುಲಿದೊಡನೆ ಸಿಡಿಯುವುದರಿಂದ ಅಲ್ಲಿ ಎಚ್ಚರಿಕೆಗೂ ಸಮಯವಿಲ್ಲ, ಉತ್ತರಕ್ಕೂ ಸಮಯವಿಲ್ಲ. ಆಟಗಾರರ ಆಕ್ರೋಶ ಕೈಗ್ರೆನೇಡ್‌ಗಿಂತ ಲಾಂಚರ್ ಮೇಲೆ ಹೆಚ್ಚಾಗಿರುವುದಕ್ಕೆ ಇದು ಮುಖ್ಯ ಕಾರಣ.

ಆರಂಭದ ಪಾಠಗಳು

ಸ್ವೀಡನ್ನಿನ ಡೈಸ್ ಸಂಸ್ಥೆ ರೂಪಿಸಿ 2002ರಲ್ಲಿ ಬಿಡುಗಡೆಯಾದ ಬ್ಯಾಟಲ್‌ಫೀಲ್ಡ್ 1942 ಆಟದಲ್ಲಿ ಐದು ಕ್ಲಾಸ್‌ಗಳಿದ್ದವು. ರಾಕೆಟ್ ಟ್ಯಾಂಕ್ ನಿರೋಧಕ ಯೋಧನ ಪಾಲಾದರೆ, ನೆಲಬಾಂಬ್ ಹಾಗೂ ಇಟ್ಟು ಸಿಡಿಸುವ ಸ್ಫೋಟಕಗಳು ಎಂಜಿನಿಯರ್ ಪಾಲಾಗಿದ್ದವು. ಮುಗಿದ ಸ್ಫೋಟಕವನ್ನು ತುಂಬಿಸಿಕೊಳ್ಳಲು ಮದ್ದುಗುಂಡಿನ ಪೆಟ್ಟಿಗೆ ಇರುವ ನೆಲೆಗೇ ಹಿಂತಿರುಗಬೇಕಿತ್ತು. ಆ ಓಡಾಟದ ಸಮಯವೇ ಸ್ಫೋಟಕದ ಬೆಲೆಯಾಗಿತ್ತು.

2003ರಲ್ಲಿ ಉಚಿತವಾಗಿ ಬಿಡುಗಡೆಯಾದ ವುಲ್ಫನ್‌ಸ್ಟೈನ್: ಎನಿಮಿ ಟೆರಿಟರಿ ಇನ್ನೊಂದು ಉಪಾಯ ಹೂಡಿತು. ಇಲ್ಲಿ ಪಾಂಜರ್‌ಫೌಸ್ಟ್ ಎಂಬ ರಾಕೆಟ್ ಸೋಲ್ಜರ್ ಕ್ಲಾಸಿಗೆ ಮಾತ್ರ ಮೀಸಲು. ಒಂದು ಹೊಡೆತದ ನಂತರ ಪರದೆಯ ಮೇಲಿನ ಶಕ್ತಿಯ ಪಟ್ಟಿ ಮತ್ತೆ ತುಂಬುವವರೆಗೆ ಕಾಯುವುದು ಕಡ್ಡಾಯವಾಗಿತ್ತು. ಎಂಜಿನಿಯರ್ ಇಡುವ ಡೈನಮೈಟ್ ಸಿಡಿಯಲು 30 ಸೆಕೆಂಡು ಬೇಕಾಗುತ್ತಿತ್ತು. ಅಷ್ಟರಲ್ಲಿ ಎದುರಾಳಿ ತಂಡದ ಎಂಜಿನಿಯರ್ ಬಂದು ಅದನ್ನು ನಿಷ್ಕ್ರಿಯಗೊಳಿಸಬಹುದಿತ್ತು. ಇಷ್ಟಾದರೂ ಪಾಂಜರ್‌ಫೌಸ್ಟ್ ಬಗ್ಗೆ ದೂರುಗಳು ನಿಲ್ಲಲಿಲ್ಲ. ಸರ್ವರ್ ನಡೆಸುವವರು ಪ್ರತಿ ತಂಡಕ್ಕೆ ಇಷ್ಟೇ ಪಾಂಜರ್‌ಫೌಸ್ಟ್ ಎಂಬ ಮಿತಿಯನ್ನು ತಾವಾಗಿಯೇ ಹೇರಿಕೊಂಡರು.

2005ರ ಬ್ಯಾಟಲ್‌ಫೀಲ್ಡ್ 2 ಕ್ಲಾಸ್‌ಗಳ ಸಂಖ್ಯೆಯನ್ನು ಏಳಕ್ಕೆ ಏರಿಸಿತು. ಗ್ರೆನೇಡ್ ಲಾಂಚರ್ ಅಸಾಲ್ಟ್ ಬಳಿ ಇದ್ದರೆ, ಮದ್ದುಗುಂಡಿನ ಚೀಲ ಸಪೋರ್ಟ್ ಬಳಿ ಇತ್ತು. ಹಾರಿಸುವವನು ಒಬ್ಬ, ತುಂಬಿಕೊಡುವವನು ಮತ್ತೊಬ್ಬ. ಸರಳವಾಗಿ ಕಾಣುವ ಈ ವಿಂಗಡಣೆಯ ಮಹತ್ವ ಅರಿವಿಗೆ ಬಂದದ್ದು ಅದು ಕೈತಪ್ಪಿದ ಮೇಲೆ.

'ನೂಬ್ ಟ್ಯೂಬ್' ಬೈಗುಳದ ಹಿನ್ನೆಲೆ

ಅಮೆರಿಕದ ಇನ್ಫಿನಿಟಿ ವಾರ್ಡ್ ಸಂಸ್ಥೆಯ ಕಾಲ್ ಆಫ್ ಡ್ಯೂಟಿ 4: ಮಾಡರ್ನ್ ವಾರ್‌ಫೇರ್ 2007ರ ನವೆಂಬರ್‌ನಲ್ಲಿ ಹೊರಬಂದಿತು. ಆಟಗಾರ ನಾಲ್ಕನೆಯ ಹಂತ ತಲುಪಿದೊಡನೆ ತನ್ನದೇ ಕ್ಲಾಸ್ ಕಟ್ಟಿಕೊಳ್ಳಬಹುದಿತ್ತು. ಒಂದು ಮುಖ್ಯ ಬಂದೂಕು, ಒಂದು ಪಿಸ್ತೂಲು, ಇವುಗಳ ಜೊತೆಗೆ ಪರ್ಕ್ ಎನ್ನಲಾಗುವ ಮೂರು ವಿಶೇಷ ಸಾಮರ್ಥ್ಯಗಳು ಅದರ ಭಾಗಗಳು.

ಹೊಸ ಆಟಗಾರನೂ ಲಾಂಚರ್‌ನಿಂದ ನುರಿತವನನ್ನು ಉರುಳಿಸಬಹುದಾಗಿದ್ದರಿಂದ ಅದಕ್ಕೆ 'ನೂಬ್ ಟ್ಯೂಬ್' ಎಂಬ ಅಡ್ಡಹೆಸರು ಅಂಟಿಕೊಂಡಿತ್ತು. ನೂಬ್ ಎಂದರೆ ಏನೂ ಅರಿಯದ ಹೊಸಬ, ಟ್ಯೂಬ್ ಎಂದರೆ ಕೊಳವೆ. ಆದಾಗ್ಯೂ ಈ ಆವೃತ್ತಿಯಲ್ಲಿ ಲಾಂಚರ್‌ಗೆ ಸ್ಪಷ್ಟವಾದ ಬೆಲೆಯಿತ್ತು. ಅದನ್ನು ರೈಫಲ್‌ಗೆ ಅಳವಡಿಸಿದರೆ ಮೊದಲ ಪರ್ಕ್ ಸ್ಥಾನ ಕೈಬಿಡಬೇಕಾಗುತ್ತಿತ್ತು. ಆ ಸ್ಥಾನದಲ್ಲಿ ಮೂರು ಕೈಗ್ರೆನೇಡ್, ಆರ್‌ಪಿಜಿ, ಕ್ಲೇಮೋರ್, ಸಿ4 ಮುಂತಾದ ಇತರ ಸ್ಫೋಟಕಗಳೂ ಇದ್ದವು. ಅಂದರೆ ಸ್ಫೋಟಕಗಳು ಒಂದರೊಡನೊಂದು ಸ್ಪರ್ಧಿಸುವಂತೆ ಜೋಡಿಸಲಾಗಿತ್ತು. ಒಂದನ್ನು ಹಿಡಿದವನು ಮತ್ತೊಂದನ್ನು ಬಿಡಬೇಕು. ಲಾಂಚರ್ ಜೊತೆ ದೊರೆಯುತ್ತಿದ್ದುದು ಎರಡೇ ಗ್ರೆನೇಡ್.

ಮೂರನೆಯ ಪರ್ಕ್ ಸ್ಥಾನದಲ್ಲಿದ್ದ 'ಮಾರ್ಟರ್‌ಡಮ್' ಮಾತ್ರ ಈ ಶಿಸ್ತಿಗೆ ಹೊರತಾಗಿತ್ತು. ಸತ್ತ ಆಟಗಾರನ ಕೈಯಿಂದ ಪಿನ್ ತೆಗೆದ ಗ್ರೆನೇಡ್ ತಾನಾಗಿಯೇ ಉರುಳುತ್ತಿತ್ತು. ಸೋತವನಿಗೆ ಯಾವ ಶ್ರಮವೂ ಇಲ್ಲದೆ ಸೇಡು ತೀರುತ್ತಿದ್ದುದರಿಂದ ಈ ಪರ್ಕ್ ಇಂದಿಗೂ ಟೀಕೆಗೆ ಗುರಿಯಾಗುತ್ತದೆ.

2009ರಲ್ಲಿ ಕಳಚಿದ ಕೊಂಡಿ

2009ರ ನವೆಂಬರ್ 10ರಂದು ಬಿಡುಗಡೆಯಾದ ಮಾಡರ್ನ್ ವಾರ್‌ಫೇರ್ 2 ಆಟದಲ್ಲಿ ಲಾಂಚರ್‌ನ ಬೆಲೆಯನ್ನು ತೆಗೆದುಹಾಕಲಾಯಿತು. ಅದನ್ನು ಅಳವಡಿಸಿಕೊಂಡರೂ ಮೂರೂ ಪರ್ಕ್‌ಗಳು ಆಟಗಾರನ ಬಳಿಯೇ ಉಳಿಯುತ್ತಿದ್ದವು. ಎರಡನೆಯ ಸ್ಥಾನದಲ್ಲಿ 'ಡೇಂಜರ್ ಕ್ಲೋಸ್' ಆರಿಸಿಕೊಂಡರೆ ಸ್ಫೋಟದ ಹಾನಿ ಹೆಚ್ಚುತ್ತಿತ್ತು. ಮೊದಲ ಸ್ಥಾನದಲ್ಲಿದ್ದ 'ಒನ್ ಮ್ಯಾನ್ ಆರ್ಮಿ' ಎಂಬ ಪರ್ಕ್ ಎರಡನೆಯ ಆಯುಧವನ್ನು ಕಿತ್ತುಕೊಂಡು, ಪಂದ್ಯದ ನಡುವೆಯೇ ಕ್ಲಾಸ್ ಬದಲಿಸುವ ಅವಕಾಶ ನೀಡುತ್ತಿತ್ತು.

ಈ ಪರ್ಕ್‌ನ ಉದ್ದೇಶ ಒಳ್ಳೆಯದೇ ಆಗಿತ್ತು. ಸ್ನೈಪರ್ ಆಗಿದ್ದವನು ಸಂದರ್ಭ ಬದಲಾದಾಗ ಅಸಾಲ್ಟ್ ಆಗಬಹುದು ಎಂಬುದು ಅದರ ಹಿಂದಿನ ಆಲೋಚನೆ. ಆದರೆ ಕ್ಲಾಸ್ ಬದಲಾದೊಡನೆ ಮದ್ದುಗುಂಡುಗಳೂ ಹೊಸದಾಗಿ ತುಂಬಿ ಬರುತ್ತಿದ್ದವು. ಆಟಗಾರರು ಒಂದೇ ಬಗೆಯ ಎರಡು ಕ್ಲಾಸ್ ಸಿದ್ಧಪಡಿಸಿಟ್ಟುಕೊಂಡರು. ಎರಡು ಗ್ರೆನೇಡ್ ಹಾರಿಸುವುದು, ಮರೆಯಲ್ಲಿ ಕೆಲವು ಸೆಕೆಂಡು ನಿಂತು ಅವಳಿ ಕ್ಲಾಸಿಗೆ ಬದಲಾಗುವುದು, ಮತ್ತೆರಡು ಹಾರಿಸುವುದು. ಹೀಗೆ ಪಂದ್ಯದುದ್ದಕ್ಕೂ ಮುಗಿಯದ ಗ್ರೆನೇಡ್ ಸಂಗ್ರಹ ಅವರದಾಯಿತು.

ಇದು ಬಿಡಿಬಿಡಿಯಾಗಿ ನೋಡಿದರೆ ಕಾಣದ ದೋಷ ಎಂಬುದು ಗಮನಾರ್ಹ. ಲಾಂಚರ್ ಒಂದೇ ಆಗಿದ್ದರೆ ಎರಡು ಹೊಡೆತಕ್ಕೆ ಅದರ ಆಟ ಮುಗಿಯುತ್ತಿತ್ತು. ಕ್ಲಾಸ್ ಬದಲಾವಣೆ ಒಂದೇ ಆಗಿದ್ದರೆ ಅದು ನಿರುಪದ್ರವಿ. ಎರಡೂ ಒಂದೇ ಲೋಡ್‌ಔಟಿನಲ್ಲಿ ಕೂಡಿದಾಗ, ಅದಕ್ಕೆ ಡೇಂಜರ್ ಕ್ಲೋಸ್ ಪರ್ಕ್ ಬಲ ತುಂಬಿದಾಗ ಮಾತ್ರ ಕಣ ಅಸ್ತವ್ಯಸ್ತಗೊಂಡಿತು.

ಇದೇ ಆಟದಲ್ಲಿ 2009ರ ಕೊನೆಯಲ್ಲಿ ಮತ್ತೊಂದು ಸ್ಫೋಟಕ ಪ್ರಸಂಗ ನಡೆಯಿತು. ಜಾವೆಲಿನ್ ಕ್ಷಿಪಣಿಯನ್ನೂ ಗ್ರೆನೇಡನ್ನೂ ನಿರ್ದಿಷ್ಟ ಕ್ರಮದಲ್ಲಿ ಹಿಡಿದರೆ, ಆಟಗಾರ ಸತ್ತೊಡನೆ ಕ್ಷಿಪಣಿ ಸಿಡಿದು ಸುತ್ತಲಿದ್ದವರೆಲ್ಲ ಸಾಯುತ್ತಿದ್ದರು. ಇದು ತಂತ್ರಾಂಶದ ದೋಷವಾಗಿದ್ದರಿಂದ ಅದೇ ಡಿಸೆಂಬರ್‌ನಲ್ಲಿ ಪ್ಯಾಚ್ ಎನ್ನಲಾಗುವ ತಿದ್ದುಪಡಿಯ ಮೂಲಕ ಸರಿಪಡಿಸಲಾಯಿತು. ದೋಷವನ್ನು ಅಳಿಸುವುದು ಸುಲಭ. ನಿಯಮದಂತೆಯೇ ನಡೆಯುತ್ತಿರುವ ಅನ್ಯಾಯವನ್ನು ಅಳಿಸುವುದು ಅಷ್ಟು ಸುಲಭವಲ್ಲ.

ತೀರ್ಪು ಕೊಡುವವರು ಯಾರು?

ಈ ವಿವಾದಕ್ಕೆ ಇನ್ನೊಂದು ಮುಖವೂ ಇದೆ. 2007ರ ಆಟವನ್ನು ಕಂಪ್ಯೂಟರ್‌ನಲ್ಲಿ ಆಡುವವರು ಸ್ವಂತ ಸರ್ವರ್‌ಗಳನ್ನು ನಡೆಸಬಹುದಿತ್ತು. 'ಇಲ್ಲಿ ನೂಬ್ ಟ್ಯೂಬ್ ನಿಷಿದ್ಧ' ಎಂಬ ನಿಯಮವನ್ನು ಹಲವು ಸರ್ವರ್‌ಗಳು ಜಾರಿಗೆ ತಂದಿದ್ದವು. ಮೀರಿದವರನ್ನು ಸರ್ವರ್ ನಡೆಸುವವನು ಹೊರಹಾಕುತ್ತಿದ್ದ. ತಯಾರಕರು ಬಿಟ್ಟ ಕೊರತೆಯನ್ನು ಆಟಗಾರರ ಸಮುದಾಯವೇ ಹೀಗೆ ತುಂಬಿಕೊಂಡಿತ್ತು.

ಮಾಡರ್ನ್ ವಾರ್‌ಫೇರ್ 2 ಆಟದಲ್ಲಿ ಈ ಸ್ವಂತ ಸರ್ವರ್ ವ್ಯವಸ್ಥೆಯನ್ನೇ ಕೈಬಿಡಲಾಯಿತು. ಐಡಬ್ಲ್ಯುನೆಟ್ ಎಂಬ ಕೇಂದ್ರ ವ್ಯವಸ್ಥೆಯೇ ಆಟಗಾರರನ್ನು ಪಂದ್ಯಗಳಿಗೆ ಹಂಚತೊಡಗಿತು. ಕಂಪ್ಯೂಟರ್ ಆಟಗಾರರು ಇದನ್ನು ಬಿಡುಗಡೆಗೆ ಮೊದಲೇ ಪ್ರತಿಭಟಿಸಿದ್ದರು. ಸ್ಫೋಟಕಗಳ ಬೆಲೆ ಇಳಿದ ವರ್ಷವೇ ಅವುಗಳಿಗೆ ಕಡಿವಾಣ ಹಾಕುವ ಅಧಿಕಾರವೂ ಆಟಗಾರರ ಕೈಜಾರಿತು. ಕಣದ ನ್ಯಾಯ ಪೂರ್ಣವಾಗಿ ಸಂಸ್ಥೆಯ ವಿವೇಚನೆಗೆ ಸೇರಿದ್ದು ಆಗಲೇ.

ಬ್ಯಾಟಲ್‌ಫೀಲ್ಡ್ ಎಡವಿದ್ದು, ಎದ್ದದ್ದು

2010ರ ಮಾರ್ಚ್‌ನಲ್ಲಿ ಬಂದ ಬ್ಯಾಟಲ್‌ಫೀಲ್ಡ್: ಬ್ಯಾಡ್ ಕಂಪನಿ 2 ಕ್ಲಾಸ್‌ಗಳನ್ನು ನಾಲ್ಕಕ್ಕೆ ಇಳಿಸಿತು. ಹಿಂದಿನ ಸಪೋರ್ಟ್ ಪಾತ್ರ ಕಣ್ಮರೆಯಾಗಿ, ಮದ್ದುಗುಂಡಿನ ಪೆಟ್ಟಿಗೆ ಅಸಾಲ್ಟ್ ಕೈಸೇರಿತು. ಗ್ರೆನೇಡ್ ಲಾಂಚರ್ ಮೊದಲೇ ಅಸಾಲ್ಟ್ ಬಳಿ ಇತ್ತು. ಪರಿಣಾಮವಾಗಿ ಒಬ್ಬನೇ ಆಟಗಾರ ಪೆಟ್ಟಿಗೆಯನ್ನು ಕಾಲಬುಡದಲ್ಲಿ ಇಟ್ಟುಕೊಂಡು ನಿರಂತರವಾಗಿ ಗ್ರೆನೇಡ್ ಹಾರಿಸುವಂತಾಯಿತು. ಕೆಲವೇ ತಿಂಗಳ ಅಂತರದಲ್ಲಿ, ಬೇರೆ ಹಾದಿಯಿಂದ ಬಂದು, ಎರಡೂ ಸರಣಿಗಳು ಒಂದೇ ಹಳ್ಳಕ್ಕೆ ಬಿದ್ದವು.

ಈ ಆಟದಲ್ಲಿ ಸ್ಫೋಟಕವನ್ನು ದುರ್ಬಲಗೊಳಿಸುವುದಕ್ಕೂ ತೊಡಕಿತ್ತು. ಗೋಡೆಗಳನ್ನು ಒಡೆಯಬಹುದು, ಮನೆಗಳನ್ನು ಉರುಳಿಸಬಹುದು ಎಂಬುದೇ ಅದರ ಆಕರ್ಷಣೆ. ಲಾಂಚರ್ ಇಲ್ಲಿ ಆಯುಧವೂ ಹೌದು, ಬಾಗಿಲು ತೆರೆಯುವ ಕೀಲಿಯೂ ಹೌದು. ಅದರ ಬಲ ಕುಗ್ಗಿಸಿದರೆ ಆಟದ ಸ್ವಾರಸ್ಯವೇ ಕುಗ್ಗುವ ಅಪಾಯವಿತ್ತು.

2011ರ ಅಕ್ಟೋಬರ್‌ನಲ್ಲಿ ಬಂದ ಬ್ಯಾಟಲ್‌ಫೀಲ್ಡ್ 3 ಇದಕ್ಕೆ ಉತ್ತರ ನೀಡಿತು. ಮದ್ದುಗುಂಡಿನ ಪೆಟ್ಟಿಗೆಯನ್ನು ಮರಳಿ ಬಂದ ಸಪೋರ್ಟ್ ಕ್ಲಾಸಿಗೆ ಒಪ್ಪಿಸಲಾಯಿತು. ಗಾಯಾಳುಗಳ ಚಿಕಿತ್ಸೆಯ ಹೊಣೆ ಅಸಾಲ್ಟ್ ಹೆಗಲೇರಿತು. ಅಸಾಲ್ಟ್ ಆಟಗಾರ ಲಾಂಚರ್ ಬೇಕೆಂದರೆ ಚಿಕಿತ್ಸಾ ಪೆಟ್ಟಿಗೆಯನ್ನು ಬಿಡಬೇಕಿತ್ತು. ತನ್ನ ಹಾಗೂ ಸಂಗಡಿಗರ ಜೀವ ಉಳಿಸುವ ಸಾಧನಕ್ಕೆ ಬದಲಾಗಿ ಎದುರಾಳಿಯ ಜೀವ ತೆಗೆಯುವ ಸಾಧನ. ಇಡೀ ತಂಡಕ್ಕೆ ತಟ್ಟುವ ಈ ಬೆಲೆ, ಹಾನಿಯ ಅಂಕಿಯನ್ನು ತಿದ್ದುವುದಕ್ಕಿಂತ ಎಷ್ಟೋ ಪರಿಣಾಮಕಾರಿಯಾಗಿತ್ತು.

ಆದರೆ ವ್ಯವಸ್ಥೆ ಪರಿಪೂರ್ಣವೇನೂ ಆಗಿರಲಿಲ್ಲ. ಸಪೋರ್ಟ್ ಬಳಿ ಸಿ4 ಮತ್ತು ಮೋರ್ಟಾರ್ ಇದ್ದುದರಿಂದ ಅವನು ತನ್ನ ಸ್ಫೋಟಕವನ್ನು ತಾನೇ ತುಂಬಿಕೊಳ್ಳಬಹುದಿತ್ತು. ಸಿಡಿಯುವ ಗುಂಡುಗಳನ್ನು ಹಾರಿಸುವ ಯುಎಸ್‌ಎಎಸ್-12 ಶಾಟ್‌ಗನ್ ಎಲ್ಲ ಕ್ಲಾಸ್‌ಗಳಿಗೂ ಮುಕ್ತವಾಗಿದ್ದು, ದೂರುಗಳ ನಂತರ 2012ರಲ್ಲಿ ಅದರ ಬಲ ತಗ್ಗಿಸಬೇಕಾಯಿತು.

ಕಣ ಬದಲಾದರೆ ಲೆಕ್ಕವೂ ಬದಲು

ಸಮತೋಲನ ಆಯುಧದೊಳಗಷ್ಟೇ ಇರುವುದಿಲ್ಲ ಎಂಬುದಕ್ಕೆ ಬ್ಯಾಟಲ್‌ಫೀಲ್ಡ್ 3ರ ಆಪರೇಷನ್ ಮೆಟ್ರೊ ಉತ್ತಮ ನಿದರ್ಶನ. ಪ್ಯಾರಿಸ್ ನಗರದ ಸುರಂಗ ರೈಲು ನಿಲ್ದಾಣವನ್ನು ಆಧರಿಸಿದ ಈ ಕಣದ ಬಹುಭಾಗ ಕಿರಿದಾದ ಓಣಿಗಳಿಂದ ಕೂಡಿದೆ. ಗೇಮ್ ಕನ್ಸೋಲ್‌ಗಳಲ್ಲಿ 24 ಮಂದಿ ಆಡಿದರೆ, ಕಂಪ್ಯೂಟರ್‌ನಲ್ಲಿ 64 ಮಂದಿ ಅದೇ ಓಣಿಗಳಲ್ಲಿ ಎದುರುಬದುರಾಗುತ್ತಿದ್ದರು. ವಿಶಾಲ ಬಯಲಿನಲ್ಲಿ ಹತ್ತರಲ್ಲಿ ಒಂದು ಬಾರಿ ತಗಲುವ ಗ್ರೆನೇಡ್ ಇಲ್ಲಿ ಕಣ್ಣುಮುಚ್ಚಿ ಎಸೆದರೂ ಯಾರಿಗಾದರೂ ತಗಲುತ್ತಿತ್ತು. ಆಯುಧದ ಒಂದು ಅಂಕಿಯೂ ಬದಲಾಗಿರಲಿಲ್ಲ, ಬದಲಾದದ್ದು ಜಾಗ ಮತ್ತು ಜನಸಂದಣಿ ಮಾತ್ರ.

ಹೊಸಬರ ಹಿತವೂ ಮುಖ್ಯ

ಹಾಗಾದರೆ ಲಾಂಚರನ್ನು ಕಿತ್ತೊಗೆಯಬಾರದೇಕೆ? ವೃತ್ತಿಪರ ಕಾಲ್ ಆಫ್ ಡ್ಯೂಟಿ ಪಂದ್ಯಗಳಲ್ಲಿ ಲಾಂಚರ್ ಬಳಕೆಯನ್ನು ನಿಯಮದಿಂದಲೋ ಆಟಗಾರರ ಪರಸ್ಪರ ಒಪ್ಪಂದದಿಂದಲೋ ದೂರವಿಡುವ ರೂಢಿ ಬೆಳೆದಿದೆ. ಸಾಮಾನ್ಯ ಪಂದ್ಯಗಳಿಗೆ ಇದೇ ಮಾನದಂಡ ಅನ್ವಯಿಸಿದರೆ ಹೊಸಬರು ಕಣಕ್ಕೆ ಕಾಲಿಡುವುದೇ ಕಷ್ಟವಾದೀತು. ನುರಿತವರ ನಡುವೆ ಒಂದೆರಡು ಬಾರಿಯಾದರೂ ಗೆಲ್ಲುವ ಅವಕಾಶ ಇಲ್ಲದಿದ್ದರೆ ಹೊಸಬ ಮರುದಿನ ಬರುವುದಿಲ್ಲ. ಹೊಸಬರಿಲ್ಲದ ಕಣ ಕ್ರಮೇಣ ಬರಿದಾಗುತ್ತದೆ. ಸ್ಫೋಟಕಕ್ಕೆ ಸ್ಥಾನವಿರಬೇಕು, ಆದರೆ ಅದೇ ಶಾಶ್ವತ ಊರುಗೋಲಾಗಬಾರದು ಎಂಬ ಸೂಕ್ಷ್ಮ ಗೆರೆಯನ್ನು ತಯಾರಕರು ಹುಡುಕಬೇಕಾಗಿದೆ.

ಟ್ರೆಯಾರ್ಕ್ ಸಂಸ್ಥೆಯ 2010ರ ಬ್ಲ್ಯಾಕ್ ಆಪ್ಸ್ ಈ ದಿಸೆಯಲ್ಲಿ ಎರಡು ಹೆಜ್ಜೆ ಇಟ್ಟಿತು. ಒನ್ ಮ್ಯಾನ್ ಆರ್ಮಿ ಹಾಗೂ ಡೇಂಜರ್ ಕ್ಲೋಸ್ ಎರಡನ್ನೂ ಅದು ಕೈಬಿಟ್ಟಿತು. ಸ್ಫೋಟದ ಹಾನಿ ತಗ್ಗಿಸುವ 'ಫ್ಲಾಕ್ ಜಾಕೆಟ್' ಎಂಬ ಪರ್ಕ್ ಒದಗಿಸಿತು. ಎರಡನೆಯ ಹೆಜ್ಜೆಗೆ ಮಿತಿಯೂ ಇದೆ. ಕೊಡೆ ಹಿಡಿಯಲು ಒಂದು ಕೈ ಮೀಸಲಿಡಬೇಕಾದಂತೆ, ರಕ್ಷಣೆಯ ಪರ್ಕ್ ಧರಿಸಿದವನು ಬೇರೊಂದು ಪರ್ಕ್ ಕಳೆದುಕೊಳ್ಳುತ್ತಾನೆ. ಸ್ಫೋಟಕ ಬಳಸುವವನ ಬದಲು ಅದಕ್ಕೆ ಗುರಿಯಾಗುವವನೇ ಬೆಲೆ ತೆರುವ ವ್ಯವಸ್ಥೆ ಇದು.

2012ರ ಬ್ಲ್ಯಾಕ್ ಆಪ್ಸ್ 2 ಹೆಚ್ಚು ಪಾರದರ್ಶಕವಾದ ವಿಧಾನ ತಂದಿತು. 'ಪಿಕ್ 10' ಎಂದು ಹೆಸರಾದ ಈ ಪದ್ಧತಿಯಲ್ಲಿ ಪ್ರತಿ ಕ್ಲಾಸಿಗೆ ಹತ್ತು ಅಂಕ. ಬಂದೂಕು, ಅದರ ಬಿಡಿಭಾಗ, ಪರ್ಕ್, ಗ್ರೆನೇಡ್ ಎಲ್ಲಕ್ಕೂ ಅಂಕ ತೆರಬೇಕು. ಗ್ರೆನೇಡ್ ಬೇಡವೆಂದವನು ಆ ಅಂಕವನ್ನು ಬೇರೆಡೆ ಬಳಸಬಹುದು. ಸ್ಫೋಟಕ ಪುಕ್ಕಟೆ ದೊರೆಯುವ ಹಕ್ಕಾಗಿ ಉಳಿಯದೆ ಲೆಕ್ಕ ಹಾಕಿ ಕೊಳ್ಳುವ ವಸ್ತುವಾಯಿತು.

ಕರ್ನಾಟಕದ ಆಟಗಾರರಿಗೆ ಈ ಕೊಳ್ಳುವ ಲೆಕ್ಕ ಹೊಸದಲ್ಲ. 2000ದ ದಶಕದಲ್ಲಿ ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಮನೆಮಾತಾಗಿದ್ದ ಕೌಂಟರ್ ಸ್ಟ್ರೈಕ್‌ನಲ್ಲಿ ಕ್ಲಾಸ್‌ಗಳೇ ಇರಲಿಲ್ಲ. ಸಿಡಿಯುವ ಗ್ರೆನೇಡ್ ಬೇಕಿದ್ದರೆ ಆಟದ ಹಣದಲ್ಲಿ 300 ಡಾಲರ್ ತೆತ್ತು ಕೊಳ್ಳಬೇಕು, ಅದೂ ಒಂದೇ. 2021ರಲ್ಲಿ ಬಿಡುಗಡೆಯಾದ ಬಿಜಿಎಂಐ ಮೊಬೈಲ್ ಆಟದಲ್ಲಿ ಬೆಲೆ ಮತ್ತೊಂದು ರೂಪದಲ್ಲಿದೆ. ಅಲ್ಲಿ ಗ್ರೆನೇಡ್ ತುಂಬಿಕೊಂಡಷ್ಟೂ ಬೆನ್ನಚೀಲದಲ್ಲಿ ಗುಂಡು, ಔಷಧಿಗಳಿಗೆ ಜಾಗ ಕಡಿಮೆಯಾಗುತ್ತದೆ.

ಮತ್ತೆ ಕ್ಲಾಸ್‌ಗಳತ್ತ

2021ರ ಬ್ಯಾಟಲ್‌ಫೀಲ್ಡ್ 2042 ಹಳೆಯ ಕ್ಲಾಸ್‌ಗಳನ್ನು ಕೈಬಿಟ್ಟು 'ಸ್ಪೆಷಲಿಸ್ಟ್' ಎಂಬ ಪಾತ್ರಗಳನ್ನು ತಂದಿತು. ಯಾರು ಬೇಕಾದರೂ ಯಾವ ಬಂದೂಕು, ಯಾವ ಸಲಕರಣೆ ಬೇಕಾದರೂ ಹಿಡಿಯಬಹುದಿತ್ತು. ಸ್ವಾತಂತ್ರ್ಯ ಹೆಚ್ಚಿದರೂ ಎದುರಿಗೆ ಬಂದವನ ಬಳಿ ಏನಿದೆ ಎಂದು ಊಹಿಸಲಾಗದ ಸ್ಥಿತಿ ಉಂಟಾಯಿತು. ಆಟಗಾರರ ಅಸಮಾಧಾನಕ್ಕೆ ಮಣಿದು 2023ರ ಆರಂಭದಲ್ಲಿ ನಾಲ್ಕು ಕ್ಲಾಸ್‌ಗಳನ್ನು ಮರಳಿ ತರಲಾಯಿತು. 2025ರ ಅಕ್ಟೋಬರ್ 10ರಂದು ಬಿಡುಗಡೆಯಾದ ಬ್ಯಾಟಲ್‌ಫೀಲ್ಡ್ 6 ಸಹ ಅಸಾಲ್ಟ್, ಎಂಜಿನಿಯರ್, ಸಪೋರ್ಟ್, ರೀಕಾನ್ ಎಂಬ ನಾಲ್ಕು ಕ್ಲಾಸ್‌ಗಳನ್ನೇ ಆಶ್ರಯಿಸಿದೆ. ಬಂದೂಕುಗಳ ವಿಚಾರದಲ್ಲಿ ಮುಕ್ತ ಹಾಗೂ ನಿರ್ಬಂಧಿತ ಎಂಬ ಎರಡೂ ಬಗೆಯ ಪಂದ್ಯಗಳಿಗೆ ಅದರಲ್ಲಿ ಅವಕಾಶ ನೀಡಲಾಯಿತು.

ಎದುರಾಳಿಯ ಪಾತ್ರ ತಿಳಿದರೆ ಅವನ ಬಳಿ ಇರಬಹುದಾದ ಸ್ಫೋಟಕವೂ ತಿಳಿಯುತ್ತದೆ. ತಿಳಿದ ಅಪಾಯಕ್ಕೆ ಬಲಿಯಾದವನು ತನ್ನ ತಪ್ಪನ್ನು ತಿದ್ದಿಕೊಂಡು ಮತ್ತೆ ಆಡುತ್ತಾನೆ. ಕಾರಣವೇ ತಿಳಿಯದೆ ಬಲಿಯಾದವನು ಆಟ ಮುಚ್ಚಿ ಏಳುತ್ತಾನೆ. ಈ ಇಬ್ಬರ ನಡುವಿನ ಅಂತರವೇ ಸಮತೋಲನದ ನಿಜವಾದ ಅಳತೆ.

ಒಂದೇ ನೋಟದಲ್ಲಿ: ಸ್ಫೋಟಕಕ್ಕೆ ಕಡಿವಾಣ ಹಾಕುವ ವಿಧಾನಗಳು

* ಪಾತ್ರದ ಮಿತಿ: ಸ್ಫೋಟಕ ನಿರ್ದಿಷ್ಟ ಕ್ಲಾಸಿಗೆ ಮಾತ್ರ ಮೀಸಲು.
* ಸರಬರಾಜಿನ ವಿಂಗಡಣೆ: ಹಾರಿಸುವವನು ಒಬ್ಬ, ಮದ್ದುಗುಂಡು ತುಂಬಿಕೊಡುವವನು ಮತ್ತೊಬ್ಬ.
* ಸ್ಥಾನದ ಬೆಲೆ: ಸ್ಫೋಟಕ ಬೇಕಿದ್ದರೆ ಪರ್ಕ್ ಅಥವಾ ಚಿಕಿತ್ಸಾ ಪೆಟ್ಟಿಗೆಯಂತಹ ಬೇರೊಂದು ಸೌಲಭ್ಯದ ತ್ಯಾಗ.
* ಅಂಕ, ಹಣ ಅಥವಾ ಜಾಗದ ಬೆಲೆ: ಪಿಕ್ 10, ಕೌಂಟರ್ ಸ್ಟ್ರೈಕ್, ಬಿಜಿಎಂಐ ಮಾದರಿಗಳು.
* ಸಮಯದ ಬೆಲೆ: ಶಕ್ತಿಯ ಪಟ್ಟಿ ತುಂಬುವವರೆಗೆ ಅಥವಾ ನೆಲೆಗೆ ಮರಳುವವರೆಗೆ ಕಾಯುವುದು.
* ಮುನ್ಸೂಚನೆ: ಪರದೆಯ ಮೇಲಿನ ಚಿಹ್ನೆ, ಸಿಡಿಯುವ ಮುನ್ನ ದೊರೆಯುವ ಕಾಲಾವಕಾಶ.
* ಹಾನಿಯ ತಗ್ಗಿಕೆ: ಮಾಡಲು ಸುಲಭ, ಸರಬರಾಜಿಗೆ ಅಂಕುಶವಿಲ್ಲದಿದ್ದರೆ ಇದೊಂದರಿಂದಲೇ ಪ್ರಯೋಜನ ಕಡಿಮೆ.